ಕೊಟ್ರೇಶನ ಅರೋವಾನಾಕ್ಕೆ ತಂದ ಜೋಡಿ

ಕೊಟ್ರೇಶನಿಗೆ ವ್ಯಾಪಾರ ತಿಳಿಯುತ್ತಿರಲಿಲ್ಲ ಎಂದು ಅವನ ಮಣ್ಣಿಗೆ ಬಂದವರೇ ಮಾತಾಡಿಕೊಂಡರು. ಅವನ ಗೆಳೆಯನಾದ ನಾನು ಅಂದು ಕೇಳಿಸಿಕೊಂಡು ಸುಮ್ಮನಿದ್ದೆ. ಇನ್ನು ಸುಮ್ಮನಿರಲಾರೆ.

ಶಿಗ್ಗಾಂವದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನು ಹದಿನಾರು ವರ್ಷ ಅಕ್ವೇರಿಯಂ ಮೀನು ಮಾರಿದ. ಹಾನಗಲ್ಲು, ಸವಣೂರು, ಹಿರೇಕೆರೂರಿನಿಂದಲೂ ಜನ ದೊಡ್ಡ ಬೇಟೆಮೀನು ಕೇಳಿಕೊಂಡು ಬರುತ್ತಿದ್ದರು. ಅವನು ಮೊದಲು ಪ್ರಶ್ನೆ ಹಾಕುತ್ತಿದ್ದ. ತೊಟ್ಟಿ ಎಷ್ಟು ಉದ್ದ, ಒಳಗೆ ಈಗಾಗಲೇ ಯಾರಿದ್ದಾರೆ, ಅವರ ಬಾಯಿ ಎಷ್ಟು ಅಗಲ. ಉತ್ತರ ಸರಿಯಿಲ್ಲದಿದ್ದರೆ ಬರಿಗೈಯಲ್ಲಿ ಕಳಿಸುತ್ತಿದ್ದ.

"ಹೆಣ್ಣು ಕೇಳಾಕ ಬಂದಂಗ ಆತಲ್ಲಪಾ" ಎಂದು ಒಬ್ಬರು ರೇಗಿಸಿದರು.

"ಹೆಣ್ಣಿನ ಕಡೆಯವ್ರು ಇಷ್ಟ ಕೇಳಿದ್ರ ಎಷ್ಟೋ ಹೆಣ್ಮಕ್ಕಳು ಉಳೀತಿದ್ರು ಬಿಡ್ರಿ" ಎಂದ ಕೊಟ್ರೇಶ.

ಅವನ ಪಾಠ ಸರಳ. ಬಾಯಲ್ಲಿ ಹಿಡಿಸುವುದು ಜೋಡಿಯಲ್ಲ, ಊಟ. ಮೇಲ್ನೀರಿನಲ್ಲಿ ತಿರುಗುವ ಬೇಟೆಮೀನು ಅರೋವಾನಾದ ಜೊತೆ ತಳ ಬಿಟ್ಟೇಳದ ಸಕ್ಕರ್ ಮೀನು ಇರಬಹುದು, ಅಂಗೈಗಿಂತ ಅಗಲ ಬೆಳೆದ ಸಿಲ್ವರ್ ಡಾಲರ್ ಮೀನು ಇರಬಹುದು. ಎರಡು ಅರೋವಾನಾ ಮಾತ್ರ ಬೇಡವೇ ಬೇಡ, ಒಂದು ಇನ್ನೊಂದನ್ನು ಕೊಲ್ಲುತ್ತದೆ. ಮನೆಯಲ್ಲಿ ಅವನೇ ಸಾಕಿದ ಅರೋವಾನಾ ಹನ್ನೊಂದು ವರ್ಷ ಬದುಕಿದ್ದು ಈ ಎಚ್ಚರದಿಂದ.

ಕಳೆದ ಮಾರ್ಚಿನಲ್ಲಿ ಎದೆನೋವು ಬಂದು ಕೊಟ್ರೇಶ ತೀರಿಕೊಂಡ. ನಲವತ್ತನಾಲ್ಕು ವಯಸ್ಸು. ನಮ್ಮ ಕಡೆ ಸಾವಿನ ಮನೆಯವರನ್ನು ಒಂಟಿಯಾಗಿ ಬಿಡುವುದಿಲ್ಲ. ಅವನ ಹೆಂಡತಿ ಜಯಶ್ರೀಯ ಸುತ್ತ ಓಣಿಯ ಹೆಂಗಸರು ಸರದಿಯ ಮೇಲೆ ಕೂತರು. ಒಳ್ಳೆಯ ಪದ್ಧತಿ. ಆದರೆ ಅರೋವಾನಾ ಮಂಕಾಗಿ ಒಂದೇ ಕಡೆ ನಿಂತದ್ದನ್ನು ಕಂಡು, ಅದೂ ಯಜಮಾನನ ಕೊರಗಿನಲ್ಲಿ ಉಪವಾಸ ಬಿದ್ದಿದೆ, ಅದಕ್ಕೂ ಯಾರಾದರೂ ಬೇಕು ಎಂದರು. ಹಳೇ ಗಿರಾಕಿ ಲೋಹಿತ ಮೂರನೇ ದಿನ ತನ್ನ ಅರೋವಾನಾವನ್ನು ಡ್ರಮ್ಮಿನಲ್ಲಿ ತಂದು ಅದೇ ತೊಟ್ಟಿಗೆ ಬಿಟ್ಟ. ಕೊಟ್ರೇಶನ ಪಾಠವನ್ನು ಹತ್ತು ಸಲ ಕೇಳಿದ್ದ ಮನುಷ್ಯ!

ಮಣ್ಣು ಮುಗಿಸಿ ಊರಿಗೆ ಹೋಗಿದ್ದ ನಾನು ಅಂದು ಹಾನಗಲ್ಲಿನಿಂದ ಮತ್ತೆ ಬಂದು ತಲುಪುವಷ್ಟರಲ್ಲಿ ನೀರಿನ ತುಂಬ ಮೀನಿನ ಮೈಯಿಂದ ಕಿತ್ತ ಹುರುಪೆ ತೇಲುತ್ತಿತ್ತು. ಹಳೆಯ ಮೀನು ಮೂಲೆಗೆ ಒತ್ತಿಕೊಂಡಿತ್ತು, ಅದರ ಒಂದು ಕಣ್ಣು ಕಿತ್ತುಹೋಗಿತ್ತು. ಗೇಣುದ್ದ ಹೆಚ್ಚಿದ್ದ ಹೊಸದು ಮತ್ತೆ ಮತ್ತೆ ಎರಗುತ್ತಿತ್ತು. ತೆಗೆಯಿರಿ ಎಂದೆ. ದುಃಖದ ಮನೆಯಲ್ಲಿ ಜಗಳ ಬೇಡ ಎಂದರು ಹಿರಿಯರು.

"ಹೋದ್ರ ಹೋಗ್ಲಿ ಬಿಡ್ರಿ ಸರ" ಎಂದ ಲೋಹಿತ. "ಮನಿ ಗಂಡಾಂತರ ತನ್ನ ಮ್ಯಾಲ ತಗೊಂಡು ಹೋಗ್ತೈತಿ."

ತಪ್ಪು ಜೋಡಿ ಹಾಕಿ ಮೀನು ಕೊಂದವರೆಲ್ಲ ಕೊಟ್ರೇಶನ ಅಂಗಡಿಗೆ ಬಂದು ಹೇಳುತ್ತಿದ್ದದ್ದು ಇದೇ ಮಾತು. ಹದಿನಾರು ವರ್ಷ ಅವನು ಬಾಯಿ ನೋಯಿಸಿಕೊಂಡದ್ದು ಇದರ ವಿರುದ್ಧ. ಅದನ್ನೇ ಅವನ ಮನೆಯಲ್ಲಿ, ಅವನ ಮೀನಿನ ಮುಂದೆ ಲೋಹಿತ ಹೇಳಿದ.

ಜಯಶ್ರೀ ಎದ್ದಳು. ಕೂತ ಜಾಗ ಬಿಟ್ಟು ಏಳಬಾರದೆಂದು ಹಿರಿಯರು ವಿಧಿಸಿದ್ದರು. ಅವಳು ಕಪಾಟಿನ ಹಿಂದಿನಿಂದ ತೂತು ಕೊರೆದ ಅಕ್ರಿಲಿಕ್ ಹಲಗೆಯೊಂದನ್ನು ಎಳೆದು ತಂದಳು. ಹೊಸ ಮೀನನ್ನು ಹದಿನೈದು ದಿನ ಬೇರೆಯಿಡಲು ಕೊಟ್ರೇಶ ಮಾಡಿಟ್ಟದ್ದು. ಒಂದು ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಎರಡು ಮೀನಿನ ನಡುವೆ ಇಳಿಸಿದೆವು. ಆಮೇಲೆ ಅವಳು ಲೋಹಿತನತ್ತ ತಿರುಗಿದಳು.

"ನನ್ನ ಸುತ್ತ ಕುಂತವ್ರು ಯಾರೂ ನನ್ನ ಕಚ್ಚಂಗಿಲ್ಲ, ಲೋಹಿತಣ್ಣ. ನಿಮ್ಮ ಮೀನ ತಗೊಂಡು ನಡೀರಿ."

ಅವನು ಡ್ರಮ್ ತರಲು ಹೊರಗೆ ಹೋದ. ಗಂಡನ ಮಣ್ಣು ಆರಿಲ್ಲ, ಇವಳಿಗೆ ಮೀನಿನ ಆಟ ಎಂದು ಬಾಗಿಲಲ್ಲಿ ಯಾರೋ ಗೊಣಗಿದರು. ಆ ಮಾತು ಶಿಗ್ಗಾಂವದಲ್ಲಿ ಇನ್ನೂ ಓಡಾಡುತ್ತಿದೆ, ನಾಚಿಕೆಯಿಲ್ಲದೆ.

ಮರುದಿನ ಬೆಳಿಗ್ಗೆ ಜಯಶ್ರೀ ಒಂದು ಹಿಡಿ ಒಣಸಿಗಡಿ ಹಾಕಿದಳು. ಒಕ್ಕಣ್ಣಿನ ಮೀನು ಎರಡು ಸಲ ಗುರಿ ತಪ್ಪಿ, ಮೂರನೇ ಸಲ ಹಿಡಿದು, ಅಷ್ಟನ್ನೂ ತಿಂದಿತು. ಅದು ಉಪವಾಸ ಹಿಡಿದಿರಲೇ ಇಲ್ಲ. ಮನೆ ತುಂಬ ಜನರಿದ್ದರೂ ಮೂರು ದಿನದಿಂದ ಒಬ್ಬರೂ ಅದಕ್ಕೆ ಊಟ ಹಾಕಿರಲಿಲ್ಲ.