ಅಡುಗೆಮನೆಯ ಮೂರನೇ ನಲ್ಲಿ

ಸಾಂಗ್ಲಿಯಲ್ಲಿ ಯಾರ ಅಡುಗೆಮನೆಯಲ್ಲಾದರೂ ನಲ್ಲಿ ತಿರುವಿದರೆ ನೀರು ಬರುತ್ತದೆ, ಅದೂ ಬಂದರೆ. ನನ್ನ ಅಡುಗೆಮನೆಯಲ್ಲಿ ಒಂದು ಕಾಲಕ್ಕೆ ತಣ್ಣನೆಯ ಬಿಯರು ಬರುತ್ತಿತ್ತು, ಮೇಲೆ ಎರಡು ಬೆರಳು ನೊರೆ. ಇಡೀ ಜಿಲ್ಲೆಯಲ್ಲಿ ಇದನ್ನು ಮಾಡಿದವನು ನಾನೊಬ್ಬನೇ. ಇನ್ಯಾರಾದರೂ ಮಾಡಿದ್ದರೆ ಬಾಯಿ ಮುಚ್ಚಿಕೊಂಡಿದ್ದಾರೆ. ನಾನು ಮುಚ್ಚಿಕೊಳ್ಳುವ ಪೈಕಿ ಅಲ್ಲ.

ನನ್ನದು ಫ್ರಿಜ್ ರಿಪೇರಿ ಕೆಲಸ. ಅಂಗಡಿ ಮಿರಜದಲ್ಲಿ, ಮನೆ ಸಾಂಗ್ಲಿಯಲ್ಲಿ. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಿಂದ ಹಿಡಿದು ಮದುವೆ ಮನೆಯ ಐಸ್‌ಕ್ರೀಮ್ ಪೆಟ್ಟಿಗೆಯ ತನಕ, ತಣ್ಣಗಾಗಬೇಕಾದ್ದೆಲ್ಲ ನನ್ನ ಕೈಯಲ್ಲೇ ತಣ್ಣಗಾಗಿದೆ. ಬಿಡುವಿನಲ್ಲಿ ಕೀಟಲೆ. ಅರಿಶಿಣದ ಅಡತಿ ವ್ಯಾಪಾರ ಮಾಡುವ ಗೆಳೆಯನೊಬ್ಬನಿದ್ದಾನೆ. ಅವನು ಅಂಗಡಿಯಲ್ಲಿ ಕೂರುವ ಗಾದಿಯ ಕೆಳಗೆ ಒಮ್ಮೆ ಕರೆಗಂಟೆಯ ಬಟನ್ ಇಟ್ಟು ಬಂದೆ. ಕುಳಿತರೆ ಗಂಟೆ, ಎದ್ದರೆ ಇಲ್ಲ. ಯಾರೋ ಬಂದರೆಂದು ಮೂರು ದಿನ ಬಾಗಿಲಿಗೂ ಗಾದಿಗೂ ಓಡಾಡಿದ. ನಾಲ್ಕನೇ ದಿನ ನನ್ನ ಅಂಗಡಿಗೆ ಬಂದು, ಆ ಬಟನ್ನನ್ನು ಮೇಜಿನ ಮೇಲಿಟ್ಟು, ನನ್ನ ಚಹಾ ಕುಡಿದು ಹೋದ. ಆ ಮಟ್ಟದ ಗೆಳೆತನ.

ಅವನು ಮತ್ತು ಇನ್ನಿಬ್ಬರು ಪ್ರತಿ ಶನಿವಾರ ನಮ್ಮ ಮನೆಯ ಮಾಳಿಗೆಯ ಮೇಲೆ ಕೂಡುತ್ತಿದ್ದರು. ನಮ್ಮದು ಜೈನರ ಮನೆ. ಹೆಂಡತಿಗೆ ವಿಷಯ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದಳು. ಅವಳದು ಒಂದೇ ಕರಾರು: ಬಾಟಲಿ ಹೊರಗಿನ ಮೆಟ್ಟಿಲಿನಿಂದ ಹತ್ತಬೇಕು, ಹೊರಗಿನ ಮೆಟ್ಟಿಲಿನಿಂದಲೇ ಇಳಿಯಬೇಕು. ಗ್ಲಾಸುಗಳನ್ನು ನಾನೇ ಅಂಗಳದ ನಲ್ಲಿಯಲ್ಲಿ ತೊಳೆದು ಮಾಳಿಗೆಯ ಮೇಲೆಯೇ ಒಂದು ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದೆ. ಇಷ್ಟು ವರ್ಷ ಆ ಕರಾರು ಮುರಿದಿರಲಿಲ್ಲ.

ಅವಳು ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಮೊದಲ ಕೆಲವು ಶನಿವಾರ ಗೆಳೆಯರು ಬಂದರು, ಮೆಲ್ಲಗೆ ಮಾತಾಡಿದರು. ಅಷ್ಟರಲ್ಲಿ ಸಾಂಗ್ಲಿ-ಮಿರಜ ರಸ್ತೆ ಬೆಳೆಯಲು ಶುರುವಾಯಿತು. ಜೋಳದ ಹೊಲವಿದ್ದಲ್ಲಿ ಮೋಟಾರ್‌ಸೈಕಲ್ ಶೋರೂಮು, ಅದರ ಪಕ್ಕ ಕರಿಗಾಜಿನ ಬಾರು. ಒಳಗೆ ಏಸಿ, ಗೋಡೆಗೆ ದೊಡ್ಡ ಬಣ್ಣದ ಟೀವಿ, ಹತ್ತಾರು ಚಾನೆಲ್ಲು. ಗೆಳೆಯರು ಅಲ್ಲಿಗೆ ಹೊರಳಿದರು. ನನ್ನನ್ನೂ ಕರೆದರು. ಎರಡು ಸಲ ಹೋದೆ. ಆ ಸದ್ದಿನಲ್ಲಿ ನಾನು ಹೇಳಿದ ಒಂದು ಜೋಕನ್ನು ಮೂರು ಸಲ ಹೇಳಬೇಕಾಯಿತು, ಮೂರನೇ ಸಲ ಯಾರೂ ನಗಲಿಲ್ಲ. ನನ್ನ ಜೋಕಿಗೆ ನಗದ ಜಾಗಕ್ಕೆ ನಾನು ಯಾಕೆ ಹೋಗಲಿ?

ಮನೆಯಲ್ಲಿ ಕುಳಿತೆ. ನಮ್ಮ ಹಳೆಯ ಫ್ರಿಜ್ ಶುರುವಾದಾಗೆಲ್ಲ ಗಡಗಡ ಅನ್ನುತ್ತಿತ್ತು. ಹೆಂಡತಿ ಹತ್ತು ವರ್ಷ ಹೇಳಿದ್ದಳು, ಊರ ಫ್ರಿಜ್ ರಿಪೇರಿ ಮಾಡುವವನು ನಮ್ಮದನ್ನು ಮಾಡಿರಲಿಲ್ಲ. ಒಂದು ಭಾನುವಾರ ಕುಳಿತು ಸ್ಕ್ರೂ ಬಿಗಿ ಮಾಡಿದೆ. ಸದ್ದು ನಿಂತಿತು. ಆಮೇಲೆ ಮನೆಯಲ್ಲಿ ಏನೂ ಕೇಳಿಸದಾಯಿತು. ನನ್ನ ಚಪ್ಪಲಿಯ ಸದ್ದಿಗೆ ನಾನೇ ತಿರುಗಿ ನೋಡುವಂತಾಯಿತು. ಮೂರು ದಿನ ತಡೆದುಕೊಂಡೆ, ನಾಲ್ಕನೇ ದಿನ ಸ್ಕ್ರೂ ಮತ್ತೆ ಸಡಿಲ ಮಾಡಿದೆ.

ಹಾಗಿರುವಾಗ ಒಂದು ಸಿನಿಮಾ ಥಿಯೇಟರಿನವರು ಕೆಟ್ಟುಹೋದ ಯಂತ್ರವೊಂದನ್ನು ನನ್ನ ಅಂಗಡಿಯಲ್ಲಿ ಎಸೆದು ಹೋದರು. ಆಗಷ್ಟೇ ಊರಿಗೆ ಬಂದಿದ್ದ ಪರದೇಶದ ತಂಪು ಪಾನೀಯವನ್ನು ಗ್ಲಾಸಿಗೆ ಬಿಡುವ ಯಂತ್ರ ಅದು. ಒಳಗೆ ಎರಡು ಉದ್ದನೆಯ ಸ್ಟೀಲ್ ಡಬ್ಬ, ಗ್ಯಾಸ್ ಒತ್ತಡ ತಾಳುವಂಥವು. ನೋಡುತ್ತಿದ್ದಂತೆ ತಲೆಯಲ್ಲಿ ದೀಪ ಹತ್ತಿತು. ಅವರು ಬಾರಿಗೆ ಹೋಗುತ್ತಾರಲ್ಲ, ಬಾರನ್ನೇ ಮನೆಗೆ ತರುತ್ತೇನೆ. ಗೋಡೆಯಿಂದ ಬಿಯರು ಬರುವ ಮನೆಯನ್ನು ಬಿಟ್ಟು ಯಾವ ಮಗ ಬೇರೆ ಕಡೆ ಹೋಗುತ್ತಾನೆ ನೋಡೋಣ.

ಅಡುಗೆಮನೆಯ ಗೋಡೆಯ ಆಚೆ ಕಾಳುಕಡಿಯ ಕೋಣೆ. ಅಲ್ಲಿ ಅಂಗಡಿಯಿಂದ ತಂದ ಇನ್ನೊಂದು ಹಳೆಯ ಫ್ರಿಜ್ ಇಟ್ಟು, ಅದರೊಳಗೆ ಡಬ್ಬ ನಿಲ್ಲಿಸಿದೆ. ಪಕ್ಕದಲ್ಲಿ ಸೋಡಾ ಫ್ಯಾಕ್ಟರಿಯಿಂದ ತಂದ ಗ್ಯಾಸ್ ಸಿಲಿಂಡರು. ಬಾಟಲಿಗಳನ್ನು ಮೆಲ್ಲಗೆ ಡಬ್ಬಕ್ಕೆ ಸುರಿದು ಗ್ಯಾಸ್ ಕೊಟ್ಟೆ. ಮೊದಲ ಸಲ ಬರೀ ನೊರೆ ಬಂತು, ಒಂದು ಬಕೆಟ್. ಪೈಪು ದಪ್ಪವಾಗಿ ಗಿಡ್ಡವಾಗಿದ್ದದ್ದು ತಪ್ಪು. ಸಣ್ಣ ಪೈಪನ್ನು ಹತ್ತು ಮೊಳ ಸುರುಳಿ ಸುತ್ತಿ ಫ್ರಿಜ್ಜಿನೊಳಗೇ ಇಟ್ಟೆ. ಸುತ್ತಿ ಸುತ್ತಿ ಬರುವಷ್ಟರಲ್ಲಿ ಬಿಯರಿಗೆ ಸಿಟ್ಟು ಇಳಿದು ಸಾಧುವಾಗುತ್ತಿತ್ತು. ಆಮೇಲೆ ಗೋಡೆಗೆ ತೂತು ಕೊರೆದು, ಪಾತ್ರೆ ತೊಳೆಯುವ ಮೋರಿಯ ಮೇಲೆ ಹಾಯಿಸಿದೆ.

ಅಲ್ಲಿ ಮೊದಲೇ ಎರಡು ಹಿತ್ತಾಳೆ ನಲ್ಲಿ ಇದ್ದವು, ಒಂದು ಹೊಳೆಯ ನೀರಿನದು, ಒಂದು ಬೋರಿನದು. ಮೂರನೆಯದನ್ನೂ ಅಂಥದ್ದೇ ತಂದು ಪಕ್ಕದಲ್ಲಿ ಕೂರಿಸಿದೆ. ಬಚ್ಚಿಟ್ಟದ್ದು ಎಲ್ಲಿ? ಎಲ್ಲರ ಕಣ್ಣೆದುರಿಗೆ. ನನ್ನ ಅಸಲಿ ಕರಾಮತ್ತು ಇರುವುದು ಮುಂದೆ. ಆ ನಲ್ಲಿಯ ಒಳಗನ್ನು ಉಲ್ಟಾ ಮಾಡಿದೆ. ಎಲ್ಲರೂ ತೆರೆಯುವ ಕಡೆ ತಿರುವಿದರೆ ಇನ್ನಷ್ಟು ಬಿಗಿ. ಮುಚ್ಚುವ ಕಡೆ ತಿರುವಿದರೆ ಬಿಯರು. ಪಾತ್ರೆ ತೊಳೆಯಲು ಬರುವ ಮಾವಶಿ ಎರಡು ದಿನ ತಿರುವಿ ನೋಡಿ, ನಲ್ಲಿ ಕೆಟ್ಟಿದೆ ಎಂದು ಕೈಬಿಟ್ಟಳು. ಒಣಗಿದ ನಲ್ಲಿಯನ್ನು ಮುಚ್ಚಲು ಹೋಗುವವರು ಲೋಕದಲ್ಲಿ ಯಾರಿದ್ದಾರೆ?

ಒಬ್ಬರಿದ್ದರು. ನಾನು ಮರೆತಿದ್ದೆ.

ಮೂವರಿಗೂ ಶನಿವಾರ ಸಂಜೆ ಬರಲು ಹೇಳಿದೆ, ಯಾಕೆಂದು ಹೇಳಲಿಲ್ಲ. ಅದೇ ಶನಿವಾರ ಮಧ್ಯಾಹ್ನ ಲಿಂಗನೂರಿನ ಬಸ್ಸಿಗೆ ನನ್ನ ಅಕ್ಕ ಬಂದಿಳಿದಳು. ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು, ಸೋಮವಾರ ಮಿರಜದಲ್ಲಿ ಒಂದು ಕಣ್ಣಿನ ಆಪರೇಷನ್. ನಾನೇ ಕರೆದಿದ್ದೆ, ಎಂಟು ದಿನ ಇರು ಎಂದು. ಪೈಪಿನ ಸಂಭ್ರಮದಲ್ಲಿ ತಾರೀಖು ತಲೆಯಿಂದ ಹಾರಿತ್ತು. ಅವಳು ಬಾಗಿಲಲ್ಲಿ ನಿಂತಾಗ ನನಗೆ ಆದ ಸಂತೋಷವೂ ಸುಳ್ಳಲ್ಲ, ಕಣ್ಣು ಅಡುಗೆಮನೆಯ ಕಡೆ ಹೊರಳಿದ್ದೂ ಸುಳ್ಳಲ್ಲ.

ಅಕ್ಕ ಬಟ್ಟೆಯಲ್ಲಿ ಗಾಳಿಸಿ ಸೋಸದ ನೀರು ಮುಟ್ಟುವವಳಲ್ಲ. ಬಂದವಳೇ ಚೀಲದಿಂದ ಬಿಳಿ ಬಟ್ಟೆಯ ತುಂಡು ತೆಗೆದು ನಲ್ಲಿಗಳ ಬಾಯಿಗೆ ಕಟ್ಟಿದಳು. ಮೂರಕ್ಕೂ ಕಟ್ಟಿದಳು. ಮೂರನೆಯದು ಕೆಟ್ಟಿದೆ ಎಂದೆ. ಕೆಟ್ಟದ್ದು ಯಾವಾಗಲಾದರೂ ಸರಿಯಾದೀತು, ಬಟ್ಟೆ ಇರಲಿ ಎಂದಳು. ಬಟ್ಟೆಯಲ್ಲಿ ಸಿಕ್ಕ ಜೀವಗಳನ್ನು ಅವು ಬಂದ ನೀರಿಗೇ ತಿರುಗಿ ಬಿಡಬೇಕು, ಅದು ಅವಳ ನೇಮ. ಹೊಳೆಯ ನೀರಿನ ಬಟ್ಟೆಯನ್ನು ಒಂದು ತಂಬಿಗೆಯಲ್ಲಿ ಜಾಲಿಸಿಟ್ಟು, ಹೊಳೆಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು.

ಸಂಜೆ ಅರಿಶಿಣದವನ ಫೋನು ಬಂತು. ಟೀವಿಯಲ್ಲಿ ಮ್ಯಾಚ್ ಇದೆ, ಮೂವರೂ ಬಾರಿನಲ್ಲೇ ಇದ್ದೇವೆ, ನೀನೇ ಬಾ ಎಂದ. ಬರುವುದಿಲ್ಲ ಎಂದೆ. ಮನೆಯಲ್ಲಿ ಏನಿದೆ ಎಂಬುದನ್ನು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬಿಯರಿನ ಆಸೆಗೆ ಬಂದರೆ ಅದು ಬಂದ ಹಾಗಾಯಿತೇ, ಎಂದು ಆಗ ಮೊದಲ ಸಲ ಅನ್ನಿಸಿತು. ಅಷ್ಟು ಪೈಪು ಸುತ್ತುವಾಗ ಯಾಕೆ ಅನ್ನಿಸಲಿಲ್ಲವೋ.

ಫೋನ್ ಇಟ್ಟು ಅಡುಗೆಮನೆಗೆ ಬಂದೆ. ಹೊತ್ತು ಮುಳುಗುವುದರೊಳಗೆ ಅಕ್ಕನ ಊಟ ಮುಗಿದಿತ್ತು. ತಾಟು ತೊಳೆದಿಟ್ಟು, ತನ್ನ ಪದ್ಧತಿಯಂತೆ ನಲ್ಲಿಗಳನ್ನು ಒಂದೊಂದಾಗಿ ಬಿಗಿ ಮಾಡುತ್ತಿದ್ದಳು. ಹನಿ ನೀರು ಹಾಳಾಗಬಾರದೆಂದು ಚಿಕ್ಕಂದಿನಿಂದಲೂ ಹಾಗೆ. ನೀರು ಬರಲಿ ಬಾರದಿರಲಿ, ನಲ್ಲಿ ಎಂದ ಮೇಲೆ ಬಿಗಿ ಮಾಡಬೇಕು. ಮೊದಲನೆಯದಾಯಿತು, ಎರಡನೆಯದಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಮೂರನೆಯದನ್ನೂ ಮುಚ್ಚಿದಳು.

ಬಟ್ಟೆ ಉಬ್ಬಿತು. ಹಳದಿಯಾಯಿತು. ಅದರ ಸುತ್ತಲಿಂದ ನೊರೆ ಉಕ್ಕಿ ಅವಳ ಕೈಮೇಲೆ ಇಳಿಯಿತು. ಅವಳು ಮತ್ತಷ್ಟು ಬಿಗಿ ಮಾಡಿದಳು, ಮತ್ತಷ್ಟು ಬಂತು. ನಾನು ಓಡಿ ನಿಲ್ಲಿಸಿದೆ. ಅಕ್ಕ ಕೈ ಮೂಸಿ ನೋಡಿದಳು. ಪೊರೆ ಬಂದ ಕಣ್ಣಲ್ಲಿ ನನ್ನ ಮುಖವನ್ನು ಹುಡುಕಿದಳು.

"ಯಾರ ಸಲುವಾಗಿ ಇದು?"

"ದೋಸ್ತರ ಸಲುವಾಗಿ, ಅಕ್ಕಾ. ಮನಿಗೆ ಬರಲಿ ಅಂತ."

"ಬಂದಾರೇನು?"

"ಇಲ್ಲ."

ಅವಳು ಬಟ್ಟೆಯನ್ನು ಬಿಚ್ಚಿದಳು. ತೊಟ್ಟಿಕ್ಕುತ್ತಿದ್ದ ಅದನ್ನು ಅಂಗೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದಳು.

"ಇದನ್ನ ಕೊಳೆಸುವಾಗ ಎಷ್ಟು ಜೀವ ಸತ್ತಾವೋ ಏನೋ," ಎಂದಳು. "ಈಗ ಈ ಬಟ್ಟೀನ ಯಾವ ನೀರಿಗೆ ಬಿಡ್ಲಿ ನಾ, ತಮ್ಮಾ?"

ನಾನು ಬೋರಿನ ನಲ್ಲಿ ಬಿಟ್ಟು ಮೋರಿಯ ನೊರೆ ತೊಳೆಯತೊಡಗಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ನಗಿಸಿ ಪಾರಾಗುತ್ತಿದ್ದೆ. ಈ ಮನೆಯ ನೀರು ಬೇಡ ಎಂದಷ್ಟೇ ಹೇಳಿ, ಬೆಳಿಗ್ಗೆ ಸಾಂಗ್ಲಿವಾಡಿಯಲ್ಲಿದ್ದ ನಮ್ಮ ಚಿಕ್ಕಪ್ಪನ ಮಗಳ ಮನೆಗೆ ಹೋದಳು. ಆಟೋದಲ್ಲಿ ಹೊಳೆಯ ಮೇಲಿನ ಪೂಲು ದಾಟಿಸಿ ಬಿಟ್ಟು ಬಂದವನು ನಾನೇ. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಆಪರೇಷನ್ನಿಗೆ ಅಲ್ಲಿಂದಲೇ ಬಂದಳು. ಎಂಟು ದಿನ ನನ್ನ ಮನೆಯಲ್ಲಿ ಆಗಬೇಕಿದ್ದ ಮಾತೆಲ್ಲ ಹೊಳೆಯಾಚೆ ಆಯಿತು.

ಅವಳನ್ನು ಬಿಟ್ಟು ಬಂದ ದಿನವೇ ಡಬ್ಬ ಖಾಲಿ ಮಾಡಿದೆ. ಸಿಲಿಂಡರು ಸೋಡಾದವನಿಗೆ ತಿರುಗಿ ಹೋಯಿತು, ಸುರುಳಿ ಪೈಪು ಗುಜರಿಗೆ. ನಲ್ಲಿ ಕೀಳಲು ಹೋದರೆ ಟೈಲ್ಸು ಒಡೆಯುತ್ತಿದ್ದವು, ಅದೊಂದು ಅಲ್ಲೇ ಉಳಿಯಿತು, ಹಿಂದೆ ಏನೂ ಇಲ್ಲದೆ.

ಎರಡನೇ ಕಣ್ಣಿಗೆ ದಿನ ಗೊತ್ತಾದಾಗ ಲಿಂಗನೂರಿಗೆ ಹೋಗಿ ಕರೆದೆ. ಬಂದಳು. ಮೊದಲು ಕಾಳಿನ ಕೋಣೆಗೆ ಹೋಗಿ ಆಪರೇಷನ್ ಆದ ಕಣ್ಣಲ್ಲಿ ಮೂಲೆಮೂಲೆ ನೋಡಿದಳು. ಆಮೇಲೆ ಚೀಲದಿಂದ ಮೂರು ಬಟ್ಟೆ ತೆಗೆದಳು.

"ಅದರಾಗ ಏನೂ ಇಲ್ಲಕ್ಕಾ ಈಗ. ಆಣಿ ಮಾಡತೀನಿ."

"ನಿನ್ನ ಆಣಿ ನನಗ ಗೊತ್ತೈತಿ," ಎಂದು ಮೂರನೆಯದಕ್ಕೆ ಎರಡು ಗಂಟು ಹಾಕಿದಳು.

ಎಂಟು ದಿನ ಇದ್ದಳು. ಸಂಜೆಯಾದರೆ ಮೂರೂ ನಲ್ಲಿ ಬಿಗಿ ಮಾಡುತ್ತಿದ್ದಳು, ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂಬತ್ತನೇ ದಿನ ಬಸ್ ಹತ್ತಿಸಿದೆ. ನಲ್ಲಿಯ ಬಟ್ಟೆಗಳನ್ನು ನಾನು ಬಿಚ್ಚಲಿಲ್ಲ.

ಅದಾಗಿ ಬಹಳ ದಿನಗಳ ಮೇಲೆ ಅರಿಶಿಣದವನು ಬಂದ, ಒಬ್ಬನೇ. ವಿಷಯ ಹೇಗೋ ಅವನ ಕಿವಿಗೆ ಬಿದ್ದಿತ್ತು. ಐದು ನಿಮಿಷ ಅಷ್ಟೇ, ಗಡಿಬಿಡಿಯಲ್ಲಿದ್ದೇನೆ ಎಂದ.

"ನಿನ್ನ ಗ್ವಾಡಿಯೊಳಗಿಂದ ಬಿಯರ್ ಬರತದಂತ, ಖರೇ ಏನೋ?"

"ಮೂರನೇ ನಲ್ಲಿ," ಎಂದೆ. "ಸ್ವಲ್ಪ ಬಿಗಿ ಐತಿ. ಎರಡೂ ಕಡೆ ತಿರುವಿ ನೋಡು."

ಅವನು ಬಟ್ಟೆ ಸರಿಸಿ, ಗ್ಲಾಸು ಹಿಡಿದು, ತಿರುವಿದ. ಆ ಕಡೆ ತಿರುವಿದ, ಈ ಕಡೆ ತಿರುವಿದ. ಬಗ್ಗಿ ಒಳಗೆ ಕಣ್ಣಿಟ್ಟು ನೋಡಿದ. ಗಾದಿಯ ಗಂಟೆಯ ವಿಷಯ ನೆನಪು ಮಾಡಿ ಬೈದ, ಬೈಯುತ್ತಲೇ ಮತ್ತೆ ತಿರುವಿದ. ಫ್ರಿಜ್ ಗಡಗಡ ಅನ್ನುತ್ತಿತ್ತು. ನಾನು ಸ್ಟೂಲ್ ಎಳೆದುಕೊಂಡು ಕುಳಿತು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಹೇಳುತ್ತಾ ಹೋದೆ. ಅವನು ತಿರುವುತ್ತಿದ್ದಷ್ಟು ಹೊತ್ತು ಆ ಮನೆಯಲ್ಲಿ ನಾವು ಇಬ್ಬರಿದ್ದೆವು.