ಹಸಿರು ಚುಕ್ಕಿ, ಕೆಂಪು ಕುರಿ

"ವೈರಸ್ ತೋರಿಸ್ತೀನಿ ಬಾ ದೊಡ್ಡಪ್ಪ" ಅಂದ ನನ್ನ ಮಗಳು ಐದೇ ನಿಮಿಷದಲ್ಲಿ ಸುಳ್ಳುಬುರುಕಿ ಅನ್ನಿಸಿಕೊಂಡಳು.

ಆಗಿದ್ದಿಷ್ಟು. ಚಿಕ್ಕನಾಯಕನಹಳ್ಳಿ ಹತ್ತಿರ ನಮ್ಮಣ್ಣನ ತೆಂಗಿನ ತೋಟ. ಅಲ್ಲಿ ಗೌರಿ ಎಂಬ ಹಸು. ಕರುವಾಗಿದ್ದಾಗಲೇ ತಾಯಿ ಸತ್ತ ಅದನ್ನು ಅಣ್ಣನೇ ಬಾಟಲಿ ಹಾಲು ಕುಡಿಸಿ ಸಾಕಿದ್ದು. ಪಕ್ಕದೂರಿನ ದನಗಳಿಗೆ ವೈರಸ್ಸಿನಿಂದ ಹರಡುವ ಚರ್ಮಗಂಟು ರೋಗ ಬಂದಿತ್ತು. ನಾನೂ ಮಗಳೂ ತೋಟಕ್ಕೆ ಹೋದ ದಿನವೇ ಪಶು ಆಸ್ಪತ್ರೆಯವರು ಲಸಿಕೆ ಹಾಕಲು ಊರಿಗೆ ಬಂದಿದ್ದರು.

ಅಣ್ಣ ಒಪ್ಪಲಿಲ್ಲ. "ವೈರಸ್ಸಂತೆ ವೈರಸ್ಸು! ಕಣ್ಣಿಗೇ ಕಾಣದ್ದಕ್ಕೆ ಸೂಜಿ ಚುಚ್ಚಿಸ್ಲಾ? ಹಾಲು ಕಮ್ಮಿಯಾಯ್ತದೆ ಕಣ್ಲಾ."

ಮಗಳಿಗೆ ಲ್ಯಾಬಿನಲ್ಲಿ ವೈರಸ್ ನೋಡುವುದೇ ಕೆಲಸ. (ನನಗೂ ಅದು ಪೂರ್ತಿ ಅರ್ಥವಾಗಿಲ್ಲ. ಯಾರಾದರೂ ಕೇಳಿದರೆ "ಮೈಕ್ರೋಸ್ಕೋಪು" ಅಂದು ಜಾರಿಕೊಳ್ಳುತ್ತೇನೆ.) ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ಕಪ್ಪು ಪರದೆಯ ಮೇಲೆ ಒಂದು ಜೀವಕೋಶ. ಹಸಿರು ಚುಕ್ಕಿಯೊಂದು ಅದರ ಅಂಚಿಗೆ ಬಂತು, ಅಂಟಿತು, ಒಳಗೆ ನುಗ್ಗಿತು. ಅಣ್ಣ ಬಾಯಿ ಬಿಟ್ಟು ನೋಡಿದ. ಗೆದ್ದೆವು ಅಂದುಕೊಂಡೆ.

"ವೈರಸ್ಸು ಹಸ್ರುಗೈತಾ?"

"ಇಲ್ಲ ದೊಡ್ಡಪ್ಪ. ಅದು ತೀರಾ ಸಣ್ಣದು, ಹಂಗೇ ಕಾಣಲ್ಲ. ಹೊಳೆಯೋ ಗುರುತು ನಾವೇ ಅಂಟಿಸ್ತೀವಿ. ಲೇಸರ್ ಬಿಟ್ರೆ ಬೆಳಗುತ್ತೆ. ಜೀವ ಇರೋ ಕೋಶದೊಳಗೆ ಎಲ್ಲಿಗೆ ಹೋಯ್ತು, ಏನು ಮಾಡ್ತು, ಎಲ್ಲಾ ನೋಡಬಹುದು."

ಸತ್ಯ ಹೇಳಬಾರದಿತ್ತು ನೋಡಿ!

"ಕೇಳಿಸ್ಕೊಂಡ್ಯೇನ್ಲಾ? ಬಣ್ಣ ಇವ್ಳೇ ಹಚ್ಚವ್ಳೆ! ಎಲ್ಲಾ ಗ್ರಾಫಿಕ್ಸು, ಬುಡು" ಅಂದ ಅಣ್ಣ.

ನನಗೆ ಪಿತ್ತ ನೆತ್ತಿಗೇರಿತು. ಅಲ್ಲೇ ಮೇಯುತ್ತಿದ್ದ ಅವನ ಕುರಿಗಳ ಬೆನ್ನ ಮೇಲೆಲ್ಲ ಕೆಂಪು ಬಣ್ಣ. ಬೇರೆಯವರ ಮಂದೆಗೆ ಸೇರಿದರೂ ಗುರುತು ಸಿಗಲಿ ಅಂತ ಅವನೇ ಹಚ್ಚಿದ್ದು. ಬಣ್ಣ ಹಚ್ಚಿದ ಮಾತ್ರಕ್ಕೆ ಕುರಿ ಸುಳ್ಳಾಯಿತಾ ಅಂತ ಕೇಳಿದೆ.

"ಕುರಿ ಮುಟ್ಟಿದ್ರೆ ಸಿಗ್ತದೆ ಕಣ್ಲಾ" ಅಂದ.

ವಾಟ್ಸಾಪಿನಲ್ಲಿ ಬಂದ, ಕೋರೆಹಲ್ಲಿನ ವೈರಸ್ ಚಿತ್ರವನ್ನು ನಂಬಿ ಊರಿಗೆಲ್ಲ ಕಳಿಸಿದ್ದವನೂ ಇವನೇ! ಪ್ರಾಮಾಣಿಕವಾಗಿ ವಿವರಿಸಿದವಳು ಸುಳ್ಳುಬುರುಕಿ, ವೈರಸ್ಸಿಗೆ ಹಲ್ಲು ಬರೆದ ಯಾರೋ ಒಬ್ಬ ಜ್ಞಾನಿ. ಲಸಿಕೆಯವರು ಕಾದು ಕಾದು ಹೊರಟುಹೋದರು.

ಮೂರು ವಾರದ ಮೇಲೆ ಅಣ್ಣನ ಫೋನು. ದನಿ ಉಡುಗಿತ್ತು. ಗೌರಿ ಮೇವು ಬಿಟ್ಟಿದೆಯಂತೆ, ಕಾಲು ಊದಿದೆಯಂತೆ.

"ಮೈಮ್ಯಾಲೆ ಕೈಯಾಡಿಸಿದ್ರೆ ಬರೀ ಗಂಟು ಕಣ್ಲಾ. ಮಗೀನ ಕೇಳು, ಏನಾರಾ ಮಾಡಕಾಯ್ತದಾ ಅಂತ."

ಬೈಯಬೇಕೆಂದಿದ್ದೆ. ಅಳುತ್ತಿರುವವನಿಗೆ ಏನಂತ ಬೈಯಲಿ?

ಈಗ ಮುಟ್ಟಿದರೂ ಸಿಗುತ್ತಿದೆಯಲ್ಲ, ನಂಬಲು ಇನ್ನೇನು ಬೇಕು?