ತಪ್ಪಿದ ಲೆಕ್ಕವೂ ಬಾಗು ಚಾವಣಿಯ ಮೇಷ್ಟ್ರೂ

ಮನೆಗೂ, ಮನೆಯ ಹಿಂದಿನ ಉಗ್ರಾಣ, ಕೆಲಸದ ಕೊಠಡಿಗಳಿಗೂ ಇಟ್ಟಿಗೆಯ ಬಾಗು ಚಾವಣಿ ಹೊದಿಸುವ ವಿದ್ಯೆಯಲ್ಲಿ, ವಾಸ್ತುಶಿಲ್ಪ ವಿಭಾಗದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಪ್ರಾಧ್ಯಾಪಕರಷ್ಟು ನುರಿತವರು ವಿರಳ. ಪೀಪಾಯಿ ಸೀಳಿ ಕವುಚಿಟ್ಟಂತಹ ಚಾವಣಿ, ಗುಮ್ಮಟ, ಅಲೆಯಂತೆ ಏರಿಳಿಯುವ ತೆಳು ಚಾವಣಿ, ಎಲ್ಲವನ್ನೂ ಅವರು ಮೂವತ್ತನಾಲ್ಕು ವರ್ಷಗಳಲ್ಲಿ ಬರೆದು ತೋರಿಸಿದ್ದಲ್ಲದೆ ಕಟ್ಟಿಸಿಯೂ ತೋರಿಸಿದರು.

ಅವರ ಶಿಷ್ಯೆಯೊಬ್ಬರು ಈಗ ಅದೇ ವಿಭಾಗದಲ್ಲಿ ಅಧ್ಯಾಪಕಿ. ಎರಡನೆಯ ವರ್ಷದಲ್ಲಿ ತಂದೆ ಹಾಸಿಗೆ ಹಿಡಿದು, ಆಕೆ ಓದು ಬಿಡಲು ಹೊರಟಾಗ, ಮೇಷ್ಟ್ರು ಆರು ವಾರ ತಮ್ಮ ಮನೆಯ ಊಟದ ಮೇಜಿನ ಮೇಲೆಯೇ ನಕ್ಷೆ ಬರೆಯಿಸಿ ಪರೀಕ್ಷೆಗೆ ಕೂರಿಸಿದ್ದರು. ಅಂಥವರ ಕೈ ತಪ್ಪೀತೆಂಬ ಯೋಚನೆ ಆಕೆಯ ಹತ್ತಿರವೂ ಸುಳಿದಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಆಕೆ ಹಿಂದಿನ ಬೆಂಚಿನಲ್ಲಿ ಕುಳಿತು ಅವರ ಪಾಠ ಕೇಳುತ್ತಿದ್ದರು. ತಗ್ಗು ಬಾಗಿನ ಚಾವಣಿ ಗೋಡೆಗಳನ್ನು ಹೊರಕ್ಕೆ ಎಷ್ಟು ತಳ್ಳುತ್ತದೆಂದು ಬೋರ್ಡಿನ ಮೇಲೆ ಲೆಕ್ಕ ಹಾಕುತ್ತಿದ್ದ ಮೇಷ್ಟ್ರು ತಟ್ಟನೆ ನಿಂತರು. ಒರೆಸಿ ಮತ್ತೆ ಹಾಕಿದರು.

“ಈ ಲೆಕ್ಕ ನಾನು ತಪ್ಪು ಹಾಕಿದ್ದೆ,” ಎಂದರು. “ಇದರ ಮೇಲೆ ಐದು ಕಟ್ಟಡ ನಿಂತಿವೆ.”

ಅಧ್ಯಾಪಕಿ ಎದ್ದು ನಿಂತರು. ಐದರಲ್ಲಿ ಒಂದು, ಆಕೆಯ ಅಕ್ಕನ ಮನೆ ಹಿಂದಿನ ಹೊಲಿಗೆ ಕೊಠಡಿ. ಅಲ್ಲಿ ದಿನವೂ ಏಳು ಹೆಂಗಸರು ಹೊಲಿಯುತ್ತಿದ್ದರು.

ಮೇಷ್ಟ್ರು ಪಾಠ ಅಷ್ಟಕ್ಕೇ ನಿಲ್ಲಿಸಿ ಆಕೆಯೊಡನೆ ಮೊದಲು ಅಲ್ಲಿಗೇ ಹೋದರು. ಕೊಠಡಿ ಖಾಲಿ ಮಾಡಲು ಭಾವ ಒಪ್ಪಲಿಲ್ಲ. ಒಂಬತ್ತು ವರ್ಷ ಕೂದಲೆಳೆಯಷ್ಟೂ ಬಿರುಕು ಬಿಡದ ಚಾವಣಿಗೆ ಈಗೇನು ಬಂತೆಂದು ನಕ್ಕರು. ಮೇಷ್ಟ್ರು ವಾದಿಸಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಚಾವಣಿಯ ಕೆಳಗೆ ನಟ್ಟನಡುವೆ ಕುಳಿತರು.

“ನೀವು ಇವರನ್ನೆಲ್ಲ ಹೊರಗೆ ಕಳಿಸೋವರೆಗೂ ನಾನೂ ಏಳಲ್ಲ.”

ಭಾವನ ನಗು ಇಂಗಿತು. ಸಂಜೆಯೊಳಗೆ ಯಂತ್ರಗಳೆಲ್ಲ ಮನೆಯ ಹಜಾರ ಸೇರಿದವು. ಮೇಷ್ಟ್ರು ಅಂದೇ ಉಳಿದ ನಾಲ್ಕು ಮನೆಗಳಿಗೂ ಹೋಗಿ ಕೊಠಡಿ ಖಾಲಿ ಮಾಡಿಸಿದರು.

ಮೂರನೆಯ ದಿನ ಹನ್ನೊಂದು ಗಂಟೆಗೆ, ಗೋಡೆಗಳು ಹೊರಕ್ಕೆ ಸರಿಯದಂತೆ ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳು ಬಿಗಿಯಲು ಬಂದ ಮೇಸ್ತ್ರಿ ಅಕ್ಕನ ಮನೆಯ ಅಂಗಳದಲ್ಲಿ ಅಳತೆಪಟ್ಟಿ ಬಿಚ್ಚುತ್ತಿದ್ದಾಗ, ಹೊಲಿಗೆ ಕೊಠಡಿಯ ಹಿಂಬದಿಯ ಗೋಡೆ ವಾಲಿತು. ಇಡೀ ಚಾವಣಿ ಒಂದೇ ಸಲಕ್ಕೆ ಕುಸಿಯಿತು. ಏಳು ಜನ ಕುಳಿತಿರುತ್ತಿದ್ದ ಜಾಗದಲ್ಲಿ ಎದೆಮಟ್ಟದ ಇಟ್ಟಿಗೆಯ ಗುಡ್ಡೆ ಬಿದ್ದಿತ್ತು.

ಸುದ್ದಿ ತಿಳಿದು ಬಂದ ಮೇಷ್ಟ್ರು ಕೈ ಜೋಡಿಸಿ ಅಕ್ಕನ ಕ್ಷಮೆ ಕೇಳಿದರು. ಇನ್ನು ನಕ್ಷೆ ಬರೆಯುವುದಿಲ್ಲವೆಂದರು. ಅಕ್ಕ ಹೇಳಿದರು:

“ಸರ್, ಮತ್ತೆ ಬಾಗು ಚಾವಣಿಯನ್ನೇ ಹಾಕಿಕೊಡಿ. ಇನ್ನೊಬ್ಬರಾಗಿದ್ರೆ ಗೊತ್ತಾದರೂ ಬಾಯಿ ಬಿಡ್ತಿರಲಿಲ್ಲ.”

ಉಳಿದ ನಾಲ್ಕು ಕಟ್ಟಡಗಳು ಸರಳು ಬಿಗಿಸಿಕೊಂಡು ಇಂದಿಗೂ ಗಟ್ಟಿಯಾಗಿವೆ. ಮೇಷ್ಟ್ರು ಮತ್ತೆ ನಕ್ಷೆ ಬರೆದುಕೊಟ್ಟ ಅಕ್ಕನ ಹೊಸ ಚಾವಣಿಯಡಿ ಈಗ ಹನ್ನೆರಡು ಮಂದಿ ಹೊಲಿಯುತ್ತಾರೆ.

ಮೇಷ್ಟ್ರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಇದನ್ನು ಬರೆಯಬಹುದೇ ಎಂದು ಅಧ್ಯಾಪಕಿ ಅಳುಕುತ್ತಲೇ ಕೇಳಿದಾಗ ಮೇಷ್ಟ್ರು, ಹೊಗಳಿಕೆ ಬೇಕಾದರೆ ಬಿಡು, ಬಿದ್ದದ್ದನ್ನು ಮಾತ್ರ ಬಿಡಬೇಡ, ಎಂದರು. ತಮ್ಮ ತಪ್ಪಿನಡಿ ತಾವೇ ಹೋಗಿ ಕುಳಿತ ಈ ಹಿರಿಯರು ನೂರ್ಕಾಲ ಆರೋಗ್ಯದಿಂದ ಬಾಳಲಿ. ಅವರ ಪೆನ್ಸಿಲಿಗೆ ನಿವೃತ್ತಿ ಬಾರದಿರಲಿ.